ಡೇರೆ ಹಾಕಿ ಮನೆಯವರನ್ನು ಕರೆದ ಆಸ್ಪತ್ರೆ

ಮಾನಸಿಕ ಆಸ್ಪತ್ರೆ ಎಂದ ಕೂಡಲೇ ಹಿರಿಯರ ಕಣ್ಣ ಮುಂದೆ ಬರುವ ಚಿತ್ರ ಒಂದೇ: ಎತ್ತರದ ಕಾಂಪೌಂಡು, ಬೀಗ ಹಾಕಿದ ಗೇಟು. ಒಳಗೆ ರೋಗಿ, ಹೊರಗೆ ಮನೆಯವರು. ಈ ಗೋಡೆ ಬರೀ ಕಲ್ಲು ಗಾರೆಯದಲ್ಲ, ಕಾನೂನಿನದೂ ಹೌದು. 1858ರಲ್ಲಿ ಬ್ರಿಟಿಷ್ ಸರ್ಕಾರ ಹುಚ್ಚಾಸ್ಪತ್ರೆಗಳಿಗಾಗಿ ಒಂದು ಕಾಯಿದೆ ತಂದಿತು. 1912ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ರೋಗಿಯನ್ನು ಸಮಾಜದಿಂದ ಬೇರ್ಪಡಿಸಿ ಕಾವಲಿನಲ್ಲಿಡುವುದೇ ಈ ಕಾಯಿದೆಗಳ ಮುಖ್ಯ ಕಾಳಜಿಯಾಗಿತ್ತು. ಸ್ವಾತಂತ್ರ್ಯ ಬಂದು ನಾಲ್ಕು ದಶಕ ಕಳೆದು, 1987ರಲ್ಲಿ ಹೊಸ ಮಾನಸಿಕ ಆರೋಗ್ಯ ಕಾಯಿದೆ ಅಂಗೀಕಾರವಾಗುವವರೆಗೂ ನಮ್ಮಲ್ಲಿ ಇದ್ದದ್ದು 1912ರ ಕಾನೂನೇ.

ಇಂಥ ಕಾಲದಲ್ಲಿ, 1950ರ ದಶಕದಲ್ಲಿ, ಪಂಜಾಬಿನ ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಒಂದು ವಿಚಿತ್ರ ನಡೆಯಿತು. ಆಸ್ಪತ್ರೆಯ ಮೈದಾನದಲ್ಲಿ ಡೇರೆಗಳು ಎದ್ದವು. ಅವುಗಳಲ್ಲಿ ಬಂದು ಉಳಿದವರು ರೋಗಿಗಳ ತಂದೆ-ತಾಯಿ, ಗಂಡ-ಹೆಂಡತಿ, ಅಣ್ಣ-ತಮ್ಮಂದಿರು. ರೋಗಿಯೂ ಅವರ ಜೊತೆಯಲ್ಲೇ. ಡೇರೆ ಹಾಕಿಸಿದವರು ಆಸ್ಪತ್ರೆಯ ಅಧೀಕ್ಷಕ ಡಾ. ವಿದ್ಯಾಸಾಗರ್.

ಮನೆಯವರನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವುದು ಇಂದು ಮನೋವೈದ್ಯದಲ್ಲಿ ದಿನನಿತ್ಯದ ಪದ್ಧತಿ. ಮದ್ಯವ್ಯಸನ, ಸ್ಕಿಜೋಫ್ರೇನಿಯಾ, ಬುದ್ಧಿಮಾಂದ್ಯ, ಮುಪ್ಪಿನ ಮರೆವಿನ ಕಾಯಿಲೆ, ಹೀಗೆ ಒಂದೊಂದಕ್ಕೂ ಕುಟುಂಬಗಳ ಗುಂಪುಗಳಿವೆ. ಆದರೆ ಈ ವಿಚಾರ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ, ಒಂದೇ ದೇಶದಲ್ಲೂ ಹುಟ್ಟಿದ್ದಲ್ಲ. ಇದರ ಕಥೆ ಶುರುವಾಗುವುದು ಮನೋರೋಗದಿಂದಲೂ ಅಲ್ಲ, ಕ್ಷಯದಿಂದ.

ಬಾಸ್ಟನ್ನಿನ ಬಡ ಕ್ಷಯರೋಗಿಗಳು

1905ನೇ ಇಸವಿ. ಅಮೆರಿಕದ ಬಾಸ್ಟನ್ ನಗರ. ಕ್ಷಯಕ್ಕೆ ಆಗಿನ್ನೂ ಔಷಧಿ ಇರಲಿಲ್ಲ. ಒಳ್ಳೆಯ ಊಟ, ವಿಶ್ರಾಂತಿ, ಶುದ್ಧ ಗಾಳಿ ಇಷ್ಟೇ ಚಿಕಿತ್ಸೆ. ಹಣವಿದ್ದವರು ಬೆಟ್ಟದ ಮೇಲಿನ ಆರೋಗ್ಯಧಾಮಗಳಿಗೆ ಹೋಗುತ್ತಿದ್ದರು. ಇಲ್ಲದವರು ಕೊಠಡಿಯೊಂದರ ಬಾಡಿಗೆ ಮನೆಯಲ್ಲಿ ಕೆಮ್ಮುತ್ತ ಬಿದ್ದಿರುತ್ತಿದ್ದರು. ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ಇಂಥ ಬಡವರಿಗಾಗಿ, ಒಂದು ಚರ್ಚಿನ ನೆರವಿನಿಂದ, ವಾರಕ್ಕೊಮ್ಮೆಯ 'ತರಗತಿ' ಆರಂಭಿಸಿದರು.

ಹದಿನೈದು ಇಪ್ಪತ್ತು ಮಂದಿ ಸೇರುತ್ತಿದ್ದರು. ದಿನವೂ ಎಷ್ಟು ಹೊತ್ತು ಹೊರಗಾಳಿಯಲ್ಲಿ ಮಲಗಿದ್ದೆ, ಜ್ವರ ಎಷ್ಟಿತ್ತು, ಏನು ತಿಂದೆ ಎಂದು ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆದು ತರಬೇಕು. ಅಲ್ಲಿ ತೂಕ ನೋಡುತ್ತಿದ್ದರು. ತೂಕ ಹೆಚ್ಚಿದವರನ್ನು ಕಂಡು ಉಳಿದವರಿಗೂ ಧೈರ್ಯ. ಪ್ರ್ಯಾಟ್ ಈ ಸಭೆ ಮಾಡಿದ್ದು ಸಮಯ ಉಳಿಸುವುದಕ್ಕೆ: ಒಬ್ಬೊಬ್ಬರಿಗೆ ಹೇಳುವ ಮಾತನ್ನು ಇಪ್ಪತ್ತು ಜನರಿಗೆ ಒಮ್ಮೆಗೇ ಹೇಳಿದರಾಯಿತು. ಆದರೆ ವೈದ್ಯರ ಮಾತಿಗಿಂತ ಪಕ್ಕದಲ್ಲಿ ಕೂತ ಇನ್ನೊಬ್ಬ ರೋಗಿಯ ಮಾತು ಹೆಚ್ಚು ನಾಟುತ್ತದೆ ಎಂಬುದು ಅವರಿಗೆ ಬೇಗನೇ ಗೊತ್ತಾಯಿತು. ಗುಂಪು ಚಿಕಿತ್ಸೆಯ ಇತಿಹಾಸ ಬರೆದವರು ಬಹುತೇಕ ಈ ತರಗತಿಯಿಂದಲೇ ಆರಂಭಿಸುತ್ತಾರೆ.

ಎರಡನೆಯ ಮಹಾಯುದ್ಧ ಈ ಪದ್ಧತಿಗೆ ದೊಡ್ಡ ಒತ್ತು ಕೊಟ್ಟಿತು. ಮನಸ್ಸು ಕದಡಿದ ಸೈನಿಕರು ಸಾವಿರಾರು, ಮನೋವೈದ್ಯರು ಬೆರಳೆಣಿಕೆಯಷ್ಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ನಾರ್ತ್‌ಫೀಲ್ಡ್ ಮಿಲಿಟರಿ ಆಸ್ಪತ್ರೆಯಲ್ಲಿ ವಿಲ್ಫ್ರೆಡ್ ಬಯಾನ್, ನಂತರ ಎಸ್.ಎಚ್. ಫುಕ್ಸ್ ಮುಂತಾದವರು ಸೈನಿಕರನ್ನು ಗುಂಪುಗೂಡಿಸಿ ಚಿಕಿತ್ಸೆ ನೀಡಿದರು. ಇಲ್ಲೂ ಕಾರಣ ವೈದ್ಯರ ಕೊರತೆಯೇ. ಕೊರತೆಯಿಂದ ಹುಟ್ಟಿದ ಉಪಾಯ ನಂತರ ತನ್ನ ಗುಣದಿಂದಲೇ ಉಳಿದುಕೊಂಡಿತು.

ಬೂಟು ಎಸೆದ ಹೆಂಡತಿ

ಇಲ್ಲಿಯವರೆಗೆ ಗುಂಪಿನಲ್ಲಿ ಇದ್ದವರು ರೋಗಿಗಳು ಮಾತ್ರ. ಮನೆಯವರ ಪಾಡೇನು?

1935ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಅಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಭೇಟಿಯಾದರು. ಒಬ್ಬರು ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್. ಇನ್ನೊಬ್ಬರು ಶಸ್ತ್ರವೈದ್ಯ ಬಾಬ್ ಸ್ಮಿತ್. ಕುಡಿತ ಬಿಟ್ಟವನು ಇನ್ನೊಬ್ಬ ಕುಡುಕನ ಜೊತೆ ಮಾತನಾಡುತ್ತಿದ್ದರೆ ಇಬ್ಬರೂ ಉಳಿಯುತ್ತಾರೆ ಎಂಬುದು ಅವರು ಕಂಡುಕೊಂಡ ಸತ್ಯ. ಅದರಿಂದ ಹುಟ್ಟಿದ್ದು 'ಆಲ್ಕೊಹಾಲಿಕ್ಸ್ ಅನಾನಿಮಸ್'.

ಗಂಡ ಕುಡಿತ ಬಿಟ್ಟ. ಹೆಂಡತಿಗೆ ನೆಮ್ಮದಿಯಾಗಬೇಕಲ್ಲವೇ? ಆಗಲಿಲ್ಲ. ಬಿಲ್ ಅವರ ಪತ್ನಿ ಲೋಯಿಸ್ ವರ್ಷಗಟ್ಟಲೆ ಸಂಸಾರದ ಭಾರ ಹೊತ್ತಿದ್ದರು, ಗಂಡನನ್ನು ಕುಡಿತದಿಂದ ಬಿಡಿಸಲು ಹೆಣಗಿದ್ದರು. ಆಕೆಯಿಂದಾಗದ್ದು ಅಪರಿಚಿತರ ಸಭೆಯಿಂದ ಆಗಿತ್ತು. ಒಂದು ದಿನ ಬಿಲ್ 'ಸಭೆಗೆ ಹೊತ್ತಾಯಿತು, ಬೇಗ ಹೊರಡು' ಎಂದಾಗ ಲೋಯಿಸ್ ಸಿಟ್ಟಿನಿಂದ ಕೈಗೆ ಸಿಕ್ಕ ಬೂಟನ್ನೇ ಎಸೆದರು. ಕಾಯಿಲೆ ಬರೀ ಗಂಡನದಲ್ಲ, ಅದರ ಜೊತೆ ಬದುಕಿದ ತನ್ನ ಮನಸ್ಸೂ ಆರೈಕೆ ಕೇಳುತ್ತಿದೆ ಎಂದು ತಮಗೆ ಹೊಳೆದದ್ದು ಆಗ ಎಂದು ಅವರು ಮುಂದೆ ಹೇಳಿಕೊಂಡರು.

ಗಂಡಂದಿರು ಒಳಗೆ ಸಭೆ ನಡೆಸುವಾಗ ಹೆಂಡತಿಯರು ಪಕ್ಕದ ಕೋಣೆಯಲ್ಲೋ ಹೊರಗೆ ಕಾರಿನಲ್ಲೋ ಕಾದು ಕೂರುತ್ತಿದ್ದರು. ಅವರೇ ಮಾತಿಗೆ ಕುಳಿತರು. ಊರೂರಿನಲ್ಲಿ ಹುಟ್ಟಿಕೊಂಡ ಇಂಥ ಗುಂಪುಗಳನ್ನು 1951ರಲ್ಲಿ ಲೋಯಿಸ್ ಮತ್ತು ಅವರ ಗೆಳತಿ ಆನ್ ಒಂದುಗೂಡಿಸಿದರು. ಅದೇ 'ಅಲ್-ಅನಾನ್'. ಗಂಡ ಕುಡಿಯುವುದಕ್ಕೆ ನೀನು ಕಾರಣಳಲ್ಲ, ಅವನ ಕುಡಿತ ನಿನ್ನ ಹಿಡಿತದಲ್ಲೂ ಇಲ್ಲ, ಆದರೆ ನಿನ್ನ ಬದುಕು ನಿನ್ನ ಕೈಯಲ್ಲಿದೆ: ಈ ಗುಂಪುಗಳು ಹೆಣ್ಣುಮಕ್ಕಳಿಗೆ ಹೇಳಿದ ಮಾತಿನ ಸಾರ ಇದು. ಕೇಳಲು ಸುಲಭ. 'ಹೆಂಡತಿ ಸರಿಯಿದ್ದರೆ ಗಂಡ ಯಾಕೆ ಕುಡೀತಾನೆ' ಎಂದು ನೆಂಟರಿಷ್ಟರಿಂದ ಅನ್ನಿಸಿಕೊಂಡವರಿಗೆ ಅದನ್ನು ನಂಬುವುದಕ್ಕೇ ವರ್ಷ ಬೇಕು.

ತಪ್ಪು ತಾಯಿಯದೇ?

ಮನೆಯವರನ್ನು ದೂರುವ ಚಾಳಿ ಬರೀ ನೆಂಟರಿಷ್ಟರದಾಗಿರಲಿಲ್ಲ. ವಿಜ್ಞಾನದ ಹೆಸರಿನಲ್ಲೂ ಅದು ನಡೆಯಿತು. 1948ರಲ್ಲಿ ಫ್ರೀಡಾ ಫ್ರಾಮ್-ರೈಕ್‌ಮನ್ ಎಂಬ ಮನೋವೈದ್ಯೆ, ಮಗುವಿನಲ್ಲಿ ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ ಎಂಬರ್ಥದ ಶಬ್ದವೊಂದನ್ನು ಬಳಸಿದರು. ಆ ಶಬ್ದ ಕಾಡ್ಗಿಚ್ಚಿನಂತೆ ಹಬ್ಬಿತು. ಎರಡು ಮೂರು ದಶಕ ಕಾಲ ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳಿಗೆ ಮಗನನ್ನು ಕರೆತಂದ ತಾಯಂದಿರು ಆರೋಪಿಗಳಂತೆ ನಿಲ್ಲಬೇಕಾಯಿತು. ತಾಯಿಯ ನಡವಳಿಕೆಯಿಂದ ಈ ಕಾಯಿಲೆ ಬರುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಆ ಸಿದ್ಧಾಂತವನ್ನು ಮನೋವೈದ್ಯ ಇಂದು ಕೈಬಿಟ್ಟಿದೆ. ಆದರೆ ಅಷ್ಟರಲ್ಲಿ ಆಗಬೇಕಾದ ಅನ್ಯಾಯ ಆಗಿಹೋಗಿತ್ತು.

ಇದೇ ಹೊತ್ತಿನಲ್ಲಿ ಅಮೃತಸರದ ಡೇರೆಗಳಲ್ಲಿ ನಡೆಯುತ್ತಿದ್ದುದು ತದ್ವಿರುದ್ಧ. ಅಲ್ಲಿ ಮನೆಯವರು ಆರೋಪಿಗಳಲ್ಲ, ಸಹಾಯಕರು.

ಅಮೃತಸರದ ಆಸ್ಪತ್ರೆಗೆ ದೇಶ ವಿಭಜನೆಯ ಗಾಯವಿತ್ತು. 1950ರಲ್ಲಿ ಭಾರತ ಮತ್ತು ಪಾಕಿಸ್ತಾನ ಮಾನಸಿಕ ರೋಗಿಗಳನ್ನು ಪರಸ್ಪರ ಬದಲಾಯಿಸಿಕೊಂಡವು. ಲಾಹೋರಿನಿಂದ ನೂರಾರು ಹಿಂದೂ, ಸಿಖ್ ರೋಗಿಗಳು ಗಡಿ ದಾಟಿ ಬಂದರು. ಸಾದತ್ ಹಸನ್ ಮಾಂಟೋ ಅವರ 'ಟೋಬಾ ಟೇಕ್ ಸಿಂಗ್' ಕಥೆಯ ಹಿಂದಿರುವುದು ಈ ವಿನಿಮಯವೇ. ಹೀಗೆ ಬಂದವರಲ್ಲಿ ಎಷ್ಟೋ ಮಂದಿಗೆ ಮನೆಯವರು ಎಲ್ಲಿದ್ದಾರೆಂಬುದೇ ಗೊತ್ತಿಲ್ಲ. ಒಮ್ಮೆ ಕುಟುಂಬದ ಕೊಂಡಿ ಕಳಚಿದರೆ ರೋಗಿ ಆಸ್ಪತ್ರೆಯಲ್ಲೇ ಮುದುಕನಾಗುತ್ತಾನೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆಸ್ಪತ್ರೆ ಕಿಕ್ಕಿರಿದಿತ್ತು, ಸಿಬ್ಬಂದಿ ಸಾಲುತ್ತಿರಲಿಲ್ಲ. ವಿದ್ಯಾಸಾಗರ್ ಹೊಸ ರೋಗಿಗಳ ಜೊತೆ ಮನೆಯವರೂ ಬಂದು ಇರಲಿ ಎಂದರು. ಅವರೇ ರೋಗಿಗೆ ಸ್ನಾನ ಮಾಡಿಸಬೇಕು, ಊಟ ಕೊಡಬೇಕು, ಔಷಧಿ ಕುಡಿಸಬೇಕು. ಸಂಜೆ ಎಲ್ಲ ಕುಟುಂಬಗಳನ್ನೂ ಒಟ್ಟಿಗೆ ಕೂರಿಸಿ ವಿದ್ಯಾಸಾಗರ್ ಮಾತನಾಡುತ್ತಿದ್ದರು. ಜನರಿಗೆ ಗೊತ್ತಿದ್ದ ಧರ್ಮಗ್ರಂಥಗಳ ಕಥೆ, ದೃಷ್ಟಾಂತಗಳೇ ಅವರ ಪಾಠದ ಸಾಮಗ್ರಿ. ಗುಣವಾದವರು ಮನೆಗೆ ಹೊರಡುವುದನ್ನು ಹೊಸದಾಗಿ ಬಂದವರು ಕಣ್ಣಾರೆ ನೋಡುತ್ತಿದ್ದರು. ಹುಚ್ಚು ವಾಸಿಯಾಗದು ಎಂಬ ಹಳೆಯ ನಂಬಿಕೆಗೆ ಇದಕ್ಕಿಂತ ದೊಡ್ಡ ಉತ್ತರ ಯಾವುದಿದ್ದೀತು? ರೋಗಿಗಳು ಬೇಗ ಚೇತರಿಸಿಕೊಂಡರು. ಅದಕ್ಕಿಂತ ಮುಖ್ಯವಾಗಿ, ಮನೆಯವರು ಅವರನ್ನು ಬಿಟ್ಟುಹೋಗಲಿಲ್ಲ.

ವೆಲ್ಲೂರಿನಿಂದ ಬೆಂಗಳೂರಿಗೆ

1957ರಲ್ಲಿ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. ಅದರ ಹಿಂದೆ ಇದ್ದವರು ಕೆನಡಾದಿಂದ ಬಂದ ಡಾ. ಫ್ಲಾರೆನ್ಸ್ ನಿಕೋಲ್ಸ್. ಅಲ್ಲಿ ದಾಖಲಾಗಬೇಕಾದರೆ ಮನೆಯವರೊಬ್ಬರು ಜೊತೆಗಿರಲೇಬೇಕು ಎಂಬುದು ನಿಯಮವಾಯಿತು.

ನಮ್ಮ ಬೆಂಗಳೂರು ಹಿಂದೆ ಬೀಳಲಿಲ್ಲ. ಹಿಂದಿನ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಆವರಣದಲ್ಲೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿತ್ತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಇಲ್ಲಿ ಕುಟುಂಬ ಸಮೇತ ದಾಖಲಾಗುವ ವಾರ್ಡಿನ ಅನುಭವವನ್ನು ಆರ್.ಎಸ್. ಭಟ್ಟಿ, ಎನ್. ಜಾನಕಿರಾಮಯ್ಯ ಮತ್ತು ಮುಂದೆ ಸಂಸ್ಥೆಯ ನಿರ್ದೇಶಕರಾದ ಎಸ್.ಎಂ. ಚನ್ನಬಸವಣ್ಣ 1980ರಲ್ಲಿ ಅಂತಾರಾಷ್ಟ್ರೀಯ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದರು.

ಮರುವರ್ಷ ಇದೇ ಬೆಂಗಳೂರಿನಿಂದ ಇನ್ನೊಂದು ಮುಖ್ಯ ಕೆಲಸ ಹೊರಬಂತು. ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಮನೋರೋಗಿಯ ಕುಟುಂಬದ ಮೇಲೆ ಬೀಳುವ ಹೊರೆಯನ್ನು ಅಳೆಯಲು ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಹಣದ ನಷ್ಟ, ಮನೆಯ ದಿನಚರಿ ಏರುಪೇರಾಗುವುದು, ಬಿಡುವು ಮತ್ತು ಮನರಂಜನೆ ಇಲ್ಲವಾಗುವುದು, ಮನೆಯವರ ನಡುವಿನ ಸಂಬಂಧ ಕೆಡುವುದು, ಉಳಿದವರ ದೇಹದ ಆರೋಗ್ಯ, ಉಳಿದವರ ಮನಸ್ಸಿನ ಆರೋಗ್ಯ ಎಂದು ಆರು ಬಾಬ್ತು. 'ನಮ್ಮ ಕಷ್ಟ ದೇವರಿಗೇ ಗೊತ್ತು' ಎನ್ನುತ್ತಿದ್ದ ಕುಟುಂಬಗಳ ಕಷ್ಟ ವೈದ್ಯರ ಲೆಕ್ಕಕ್ಕೂ ಸಿಕ್ಕಿತು. ಇಂದಿಗೂ ಭಾರತದ ಸಂಶೋಧಕರು ಈ ಪ್ರಶ್ನಾವಳಿಯನ್ನು ಬಳಸುತ್ತಾರೆ.

ಮನೆಯ ಮಾತಿನ ಬಿಸಿ

ಇಷ್ಟಕ್ಕೂ ಮನೆಯವರನ್ನು ಸೇರಿಸಿಕೊಂಡರೆ ರೋಗಿಗೆ ನಿಜಕ್ಕೂ ಪ್ರಯೋಜನವಿದೆಯೇ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಲಂಡನ್ನಿನ ಜಾರ್ಜ್ ಬ್ರೌನ್ ಮೊದಲಿಗರು. 1950ರ ದಶಕದ ಕೊನೆಯಲ್ಲಿ ಅವರು ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಗಳ ಜಾಡು ಹಿಡಿದರು. ತಂದೆ-ತಾಯಿ ಅಥವಾ ಹೆಂಡತಿಯ ಬಳಿಗೆ ಮರಳಿದವರಿಗಿಂತ ಬಾಡಿಗೆ ಕೋಣೆಯಲ್ಲೋ ಒಡಹುಟ್ಟಿದವರ ಜೊತೆಯಲ್ಲೋ ಉಳಿದವರು ಚೆನ್ನಾಗಿದ್ದರು. ಈ ಅಧ್ಯಯನದಲ್ಲಿ ಜೊತೆಗಿದ್ದ ಮಾರಿಸ್ ಕಾರ್‌ಸ್ಟೇರ್ಸ್ ಮುಂದೆ ಕಪೂರ್ ಜೊತೆ ನಮ್ಮ ಉಡುಪಿ ಬಳಿಯ ಕೋಟದಲ್ಲಿ ಜನರ ಮನೋಸ್ವಾಸ್ಥ್ಯವನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ಬರೆದವರು.

ಬ್ರೌನ್ ಕಂಡದ್ದೇನು? ಸದಾ ಕೊಂಕು ಮಾತು, ಸಿಟ್ಟು ಸೆಡವು, ಇಲ್ಲವೇ ಉಸಿರುಗಟ್ಟಿಸುವಷ್ಟು ಆತಂಕದ ಪ್ರೀತಿ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಇದು ಮತ್ತೆ ತಾಯಿಯನ್ನು ದೂರುವ ಮಾತಲ್ಲ. ಕಾಯಿಲೆ ಬರುವುದು ಮನೆಯವರಿಂದಲ್ಲ, ಬಂದ ಮೇಲೆ ಮನೆಯ ಬಿಸಿ ಅದಕ್ಕೆ ತಾಗುತ್ತದೆ. ಬಿಸಿ ಏರುವುದು ಕಾಯಿಲೆಯ ಬಗ್ಗೆ ಗೊತ್ತಿಲ್ಲದಿರುವುದರಿಂದ. ಮಗ ಹನ್ನೊಂದು ಗಂಟೆಯವರೆಗೆ ಹಾಸಿಗೆ ಬಿಡದಿದ್ದರೆ ಅದನ್ನು ಸೋಮಾರಿತನ ಎಂದುಕೊಂಡ ಅಪ್ಪ ಬೈಯುತ್ತಾರೆ. ಅದು ಕಾಯಿಲೆಯ ಲಕ್ಷಣ ಎಂದು ಗೊತ್ತಾದ ದಿನ ಅವರ ದನಿ ತಾನಾಗಿಯೇ ತಗ್ಗುತ್ತದೆ.

ಹಾಗಾದರೆ ದನಿ ತಗ್ಗಿಸುವುದನ್ನು ಕಲಿಸಬಹುದೇ? ಲಂಡನ್ನಿನಲ್ಲಿ ಜೂಲಿಯನ್ ಲೆಫ್ ತಂಡ 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಥ ಮನೆಗಳ 24 ರೋಗಿಗಳಿದ್ದರು. ಎಲ್ಲರಿಗೂ ಔಷಧಿ ಇತ್ತು. ಅರ್ಧದಷ್ಟು ಕುಟುಂಬಗಳಿಗೆ ಮಾತ್ರ ತಿಳಿವಳಿಕೆ, ಮನೆ ಭೇಟಿ ಮತ್ತು ಸಂಬಂಧಿಕರ ಗುಂಪು ಸಭೆ. ಗುಂಪಿನಲ್ಲಿ ತಾಳ್ಮೆಯಿಂದ ನಿಭಾಯಿಸುತ್ತಿದ್ದ ಕುಟುಂಬಗಳನ್ನೂ ಬೇಕೆಂದೇ ಸೇರಿಸಿದ್ದರು. ಒಂಬತ್ತು ತಿಂಗಳಾಗುವಷ್ಟರಲ್ಲಿ, ಬರೀ ಔಷಧಿ ಪಡೆದವರಲ್ಲಿ ಅರ್ಧ ಮಂದಿಗೆ ಕಾಯಿಲೆ ಮರುಕಳಿಸಿತು. ಇನ್ನೊಂದು ಕಡೆ ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆ.

ಪ್ರಯೋಗ ಚಿಕ್ಕದು. ಆದರೆ 1995ರಲ್ಲಿ ನ್ಯೂಯಾರ್ಕ್ ರಾಜ್ಯದ ಆರು ಆಸ್ಪತ್ರೆಗಳಲ್ಲಿ ವಿಲಿಯಂ ಮೆಕ್‌ಫಾರ್ಲೇನ್ ತಂಡ 172 ರೋಗಿಗಳ ಮೇಲೆ ನಡೆಸಿದ ದೊಡ್ಡ ಅಧ್ಯಯನ ಬಂತು. ಒಂದೊಂದೇ ಕುಟುಂಬವನ್ನು ಪ್ರತ್ಯೇಕವಾಗಿ ಕೂರಿಸಿ ತಿಳಿಹೇಳಿದಲ್ಲಿ ಎರಡು ವರ್ಷಗಳಲ್ಲಿ ಶೇಕಡ 27 ಮಂದಿಗೆ ಕಾಯಿಲೆ ಮರುಕಳಿಸಿತ್ತು. ಹಲವು ಕುಟುಂಬಗಳನ್ನು ಒಟ್ಟಿಗೆ ಕೂರಿಸಿದಲ್ಲಿ ಶೇಕಡ 16. ವೈದ್ಯರು ಹೇಳಿದ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ಕುಟುಂಬಗಳು ಒಟ್ಟಾಗಿದ್ದುದರಲ್ಲಿ.

ನಮ್ಮ ದೇಶದ ಬಗ್ಗೆಯೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 1979ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆಗ್ರಾದ ರೋಗಿಗಳು ಮುಂದುವರಿದ ದೇಶಗಳ ರೋಗಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನದಲ್ಲಿ ಕೊಂಕು, ಸಿಟ್ಟಿನ ಮನೆಗಳು ಲಂಡನ್ನಿಗಿಂತ ಬಹಳ ಕಡಿಮೆ ಕಂಡವು. ನಮ್ಮ ಮನೆಗಳಿಗೆ ತಾಳಿಕೊಳ್ಳುವ ಶಕ್ತಿ ಇದೆ ಎಂದು ಇದರಿಂದ ಹೆಮ್ಮೆಪಟ್ಟುಕೊಳ್ಳಬಹುದು. ಆದರೆ ಆ ಶಕ್ತಿ ಅಕ್ಷಯ ಪಾತ್ರೆಯಲ್ಲ.

ಗುಂಪಿನಲ್ಲಿ ಆಗುವುದೇನು?

ಇಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡಬೇಕು. ಗುಂಪು ಚಿಕಿತ್ಸೆಯನ್ನು ನಡೆಸುವವರು ತರಬೇತಾದ ವೈದ್ಯರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರು. ಅದಕ್ಕೆ ಗುರಿ, ಅವಧಿ ಎರಡೂ ಇರುತ್ತವೆ. ಸಹಾಯ ಗುಂಪು ಹಾಗಲ್ಲ. ಒಂದೇ ಕಷ್ಟದವರು ತಾವೇ ಸೇರಿ ನಡೆಸುವ ಕೂಟ ಅದು. ಬರಬಹುದು, ಬಿಡಬಹುದು. ಶುಲ್ಕವಿಲ್ಲ ಅಥವಾ ಹೆಸರಿಗಷ್ಟೆ.

ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ 1970ರಲ್ಲಿ ಬರೆದ ಗುಂಪು ಚಿಕಿತ್ಸೆಯ ಪುಸ್ತಕ ಇಂದಿಗೂ ಪಠ್ಯವಾಗಿದೆ. ಗುಂಪು ಯಾಕೆ ವಾಸಿ ಮಾಡುತ್ತದೆ ಎಂಬುದಕ್ಕೆ ಅವರು ಹಲವು ಕಾರಣಗಳನ್ನು ಪಟ್ಟಿ ಮಾಡಿದ್ದಾರೆ. ಮೊದಲನೆಯದು, ಇದು ನನಗೊಬ್ಬನಿಗೇ ಬಂದದ್ದಲ್ಲ ಎಂಬ ಅರಿವು. ಎರಡನೆಯದು ಭರವಸೆ: ತನ್ನಂತೆಯೇ ಮುಳುಗಿದ್ದವರು ದಡ ಸೇರಿದ್ದನ್ನು ನೋಡುವುದು. ಮೂರನೆಯದು ಮಾಹಿತಿ. ನಾಲ್ಕನೆಯದು ಸ್ವಾರಸ್ಯಕರ: ಇನ್ನೊಬ್ಬರಿಗೆ ನೆರವಾಗುವ ಸುಖ. ಹತ್ತು ವರ್ಷದಿಂದ ಬರೀ ಸಹಾಯ ಬೇಡುತ್ತ ಬಂದ ತಾಯಿ, 'ನನ್ನ ಮಗನೂ ಮಾತ್ರೆ ಉಗುಳುತ್ತಿದ್ದ, ನಾನು ಹೀಗೆ ಮಾಡಿದೆ' ಎಂದು ಹೊಸಬರಿಗೆ ಹೇಳುವಾಗ ಆಕೆ ಬೇಡುವವಳಲ್ಲ, ಕೊಡುವವಳು.

ಗುಟ್ಟು ಬಿಚ್ಚಿಡಲು ಒಂದು ಜಾಗ ಸಿಗುವುದೂ ಸಣ್ಣ ಮಾತಲ್ಲ. ಮನೆಯಲ್ಲಿ ಒಬ್ಬರಿಗೆ ಮನೋರೋಗವಿದ್ದರೆ ತಂಗಿಯ ಮದುವೆಗೆ ಅಡ್ಡಿ, ಬಾಡಿಗೆ ಮನೆಗೆ ಅಡ್ಡಿ. ಹೀಗಾಗಿ ನೆಂಟರ ಮನೆಗೆ ಹೋಗುವುದು ನಿಲ್ಲುತ್ತದೆ, ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ಮುಚ್ಚಿಡುವ ಕೆಲಸವೇ ಆರೈಕೆಗಿಂತ ಹೆಚ್ಚು ದಣಿಸುತ್ತದೆ.

ಪತ್ರಿಕೆಗೆ ಬಂದ ಒಂದು ಬರಹ

ಕುಟುಂಬಗಳು ಬಾಯಿ ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಪತ್ರಿಕೆಗಳ ಓದುಗರು ಮೆಚ್ಚುವ ಒಂದು ಉದಾಹರಣೆ ಇದೆ. 1970ರ ಮೇ ತಿಂಗಳಿನಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ತಂದೆಯೊಬ್ಬರು ಹೆಸರು ಹಾಕದೆ ತಮ್ಮ ಮಗನ ಸ್ಕಿಜೋಫ್ರೇನಿಯಾ ಬಗ್ಗೆ, ಕುಟುಂಬಕ್ಕೆ ಎಲ್ಲಿಯೂ ನೆರವು ಸಿಗದಿದ್ದ ಬಗ್ಗೆ ಬರೆದರು. ಅದೇ ಸ್ಥಿತಿಯಲ್ಲಿದ್ದ ಬೇರೆ ಕುಟುಂಬಗಳಿಂದ ಪತ್ರಗಳು ಬಂದವು. ಬರೆದವರು ಜಾನ್ ಪ್ರಿಂಗಲ್. ಆ ಪತ್ರಗಳೇ ಬೀಜವಾಗಿ 1972ರಲ್ಲಿ ಬ್ರಿಟನ್ನಿನಲ್ಲಿ ಕುಟುಂಬಗಳ ರಾಷ್ಟ್ರೀಯ ಸಂಘಟನೆಯೊಂದು ಹುಟ್ಟಿತು. ಇಂದು ಅದಕ್ಕೆ 'ರೀಥಿಂಕ್' ಎಂದು ಹೆಸರು. ಅಮೆರಿಕದ ಮ್ಯಾಡಿಸನ್ ನಗರದಲ್ಲಿ ಹ್ಯಾರಿಯೆಟ್ ಶೆಟ್ಲರ್ ಮತ್ತು ಬೆವರ್ಲಿ ಯಂಗ್ ಎಂಬ ಇಬ್ಬರು ತಾಯಂದಿರು ಮಕ್ಕಳ ಕಾಯಿಲೆ ಬಗ್ಗೆ ಮಾತನಾಡುತ್ತ ಕೂತದ್ದು 1979ರಲ್ಲಿ 'ನ್ಯಾಮಿ' ಎಂಬ ರಾಷ್ಟ್ರವ್ಯಾಪಿ ಸಂಘಟನೆಯಾಗಿ ಬೆಳೆಯಿತು.

ಬೆಂಗಳೂರಿನಲ್ಲಿ 1990ರ ದಶಕದ ಆರಂಭದಲ್ಲಿ ನಿರ್ಮಲಾ ಶ್ರೀನಿವಾಸನ್ ಅವರ ಮುಂದಾಳುತನದಲ್ಲಿ 'ಅಮೆಂಡ್' ಎಂಬ ಕುಟುಂಬಗಳ ಸಂಘ ಆರಂಭವಾಯಿತು. ಹಳ್ಳಿಗಳ ಕಡೆ ನೋಡಿದರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿ ಕುಡಿತ ಬಿಡಲು ಬಂದವರ ಜೊತೆ ಮನೆಯವರಿಗೂ ಪಾತ್ರವಿದೆ. ಶಿಬಿರ ಮುಗಿದ ಮೇಲೆ ಊರಿನಲ್ಲೇ 'ನವಜೀವನ ಸಮಿತಿ'ಗಳು ಸೇರುತ್ತವೆ. ಅಕ್ರನ್ನಿನ ಇಬ್ಬರು ಕಂಡುಕೊಂಡದ್ದನ್ನೇ ನಮ್ಮ ಹಳ್ಳಿಗಳು ತಮ್ಮ ರೀತಿಯಲ್ಲಿ ಕಂಡುಕೊಂಡಿವೆ.

ಉಳಿದ ಪ್ರಶ್ನೆ

ಗುಂಪು ಸರ್ವರೋಗಕ್ಕೆ ಮದ್ದಲ್ಲ. ಔಷಧಿಯ ಬದಲು ಗುಂಪು ಎಂದು ಯಾರೂ ತಿಳಿಯಬಾರದು. ಲೆಫ್ ಅವರ ಪ್ರಯೋಗದಲ್ಲಿ ಎಲ್ಲರೂ ಔಷಧಿ ಸೇವಿಸುತ್ತಿದ್ದರು ಎಂಬುದನ್ನು ಮರೆಯುವಂತಿಲ್ಲ. ಒಬ್ಬರೇ ಮಾತನಾಡಿ ಉಳಿದವರು ಆಕಳಿಸುವ ಸಭೆಗಳೂ ಇರುತ್ತವೆ. ಚಿಕ್ಕ ಊರಿನಲ್ಲಿ ಗುಟ್ಟು ಬೀದಿಗೆ ಬೀಳುವ ಭಯ ಸುಳ್ಳಲ್ಲ. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು ಎಂಬ ನಿಯಮವನ್ನು ಮೊದಲ ದಿನವೇ ಹೇಳದ ಗುಂಪು ಹೆಚ್ಚು ದಿನ ಉಳಿಯದು.

ಇನ್ನೊಂದು ಅಪಾಯವಿದೆ. ಕುಟುಂಬವೇ ನೋಡಿಕೊಳ್ಳುತ್ತದೆ ಎಂದು ಸರ್ಕಾರ ಕೈತೊಳೆದುಕೊಳ್ಳುವುದು. ನಿಮ್ಹಾನ್ಸ್ ಮುಂದಾಳುತನದಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ದೊರೆತಿರಲಿಲ್ಲ. ಅಂದರೆ ಆರೈಕೆಯ ಭಾರವೆಲ್ಲ ಮನೆಗಳ ಮೇಲಿದೆ. ಮನೆ ಎಂದರೆ ಹೆಚ್ಚಾಗಿ ತಾಯಿ, ಹೆಂಡತಿ, ಅಕ್ಕ. ಕೂಡುಕುಟುಂಬ ಒಡೆದು ಮಕ್ಕಳು ಊರು ಬಿಟ್ಟ ಮೇಲೆ ಹೆಗಲು ಕೊಡುವವರೂ ಕಡಿಮೆಯಾಗಿದ್ದಾರೆ.

ಎಲ್ಲ ಕುಟುಂಬಗಳ ಗುಂಪಿನಲ್ಲೂ ಒಂದಲ್ಲ ಒಂದು ದಿನ ಎದ್ದೇಳುವ ಪ್ರಶ್ನೆ: 'ನಾವು ಹೋದ ಮೇಲೆ ಇವನಿಗೆ ಯಾರು?' ಇದಕ್ಕೆ ಗುಂಪಿನ ಬಳಿ ಉತ್ತರವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಆಸ್ಪತ್ರೆ ಮತ್ತು ಮನೆಯ ನಡುವಿನ ತಂಗುಮನೆಗಳು, ಆಸರೆಯ ವಸತಿ ಇವೆಲ್ಲವನ್ನೂ ಸರ್ಕಾರ ಒದಗಿಸಬೇಕು ಎನ್ನುತ್ತದೆ. ಸಮಾಜದ ನಡುವೆ ಬದುಕುವುದು ರೋಗಿಯ ಹಕ್ಕು ಎಂದೂ ಅದು ಸಾರಿದೆ. ಕಾಗದದ ಮೇಲಿನ ಈ ಮಾತು ಜಿಲ್ಲೆ ಜಿಲ್ಲೆಗೂ ಕಟ್ಟಡವಾಗಿ, ಸಿಬ್ಬಂದಿಯಾಗಿ ಬರಬೇಕಾದರೆ ಕೇಳುವವರು ಬೇಕು. ಒಬ್ಬ ತಾಯಿ ಕೇಳಿದರೆ ಅದು ಅರ್ಜಿ. ನೂರು ಕುಟುಂಬಗಳು ಒಟ್ಟಾಗಿ ಕೇಳಿದರೆ ಅಧಿಕಾರಿಗಳು ಕುರ್ಚಿ ಹಾಕಿ ಕೂರಿಸಿ ಕೇಳಿಸಿಕೊಳ್ಳುತ್ತಾರೆ.

ಹತ್ತಿರದಲ್ಲಿ ಗುಂಪು ಇಲ್ಲದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅಲ್ಲಿಯೂ ಗುಂಪಿನ ಸುಳಿವು ಸಿಗದಿದ್ದರೆ, ಹೊರರೋಗಿ ವಿಭಾಗದ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರನ್ನು 'ನಿಮ್ಮ ಮನೆಯಲ್ಲಿ ಯಾರಿಗೆ?' ಎಂದು ಕೇಳಿನೋಡಬಹುದು. ಮ್ಯಾಡಿಸನ್ನಿನ ಇಬ್ಬರು ತಾಯಂದಿರು ಮಾಡಿದ್ದು ಅಷ್ಟನ್ನೇ.